ಸೊಪ್ಪುಮೀಮಾಂಸೆ: ವಿಠ್ಠಲವಾಡೀ ಭಾಷ್ಯ ಸಹಿತ

ಶಾಸ್ತ್ರಗ್ರಂಥ ಎಂದಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಿಬಿಡಬೇಕು. ಇಲ್ಲಿ ವಿಷಯ, ಯಾರೂ ಬಿತ್ತದೆ ಹುಟ್ಟಿದ ಸೊಪ್ಪು ಮತ್ತು ಅಣಬೆ. ಪ್ರಯೋಜನ, ಪಲ್ಯ. ಸಂಬಂಧ, ಕಲ್ಯಾಣ ದಾಟಿದ ಕರ್ಜತ್ ಲೋಕಲ್ ಮೊದಲು ನಿಲ್ಲುವ ವಿಠ್ಠಲವಾಡಿಯೊಂದಿಗೆ. ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹನಾದವನು, ಎಳವೆಯಲ್ಲಿ ಅಮ್ಮ ಮಾಡಿದ ತಜಂಕ್, ಎಂದರೆ ತಗಚೆ ಸೊಪ್ಪಿನ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿ, ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತಮೇಲೆ ಅದನ್ನೇ ನೆನೆದು ಬಾಯಲ್ಲಿ ನೀರೂರಿಸುವ ಕರಾವಳಿಯ ಮುಂಬೈಕರ.

ಪೂರ್ವಪಕ್ಷ ಅದ್ವೈತಿಗಳದ್ದು. ಹಸಿರೆಲ್ಲ ಒಂದೇ ಬ್ರಹ್ಮ, ಇದು ಕಳೆ ಇದು ತರಕಾರಿ ಎನ್ನುವ ಭೇದ ಮಾರ್ಕೆಟ್ಟಿನ ಮಾಯೆ, ಆದ್ದರಿಂದ ಹಳಿಯ ಪಕ್ಕದ ತಗಚೆಯನ್ನು ಕಿತ್ತು ತರಬಹುದು ಎಂದು ಇವರ ವಾದ. ವಿಠ್ಠಲವಾಡಿಯ ಬಳಿ ಹರಿಯುವ ವಾಲಧುನಿಯೇ ಇದನ್ನು ಖಂಡಿಸುತ್ತದೆ. ಅಂಬರನಾಥದ ಬೆಟ್ಟಗಳ ಕಡೆ ಹುಟ್ಟಿ, 1060ರ ಶಿವಾಲಯದ ಮಗ್ಗುಲಲ್ಲಿ ಹಾದು, ಕಾರ್ಖಾನೆಗಳ ನೀರಿನ ದೀಕ್ಷೆ ಪಡೆದು ಕಲ್ಯಾಣಕ್ಕೆ ಬರುವ ನದಿ ಅದು. ಇಂಥ ನೀರುಂಡ ಮಣ್ಣಿನ ಸೀಸ, ಕ್ಯಾಡ್ಮಿಯಂಗಳನ್ನು ಸೊಪ್ಪು ಬೇರಿನಿಂದ ಹೀರಿ ಎಲೆಯೊಳಗೆ ಇಟ್ಟುಕೊಳ್ಳುತ್ತದೆ. ನಲ್ಲಿಯಡಿ ಎಷ್ಟು ತೊಳೆದರೂ ಹೋಗದು. ಮುರಬಾಡದ ಗುಡ್ಡದ ತಗಚೆಯೂ ವಾಲಧುನಿ ದಂಡೆಯ ತಗಚೆಯೂ ಸಸ್ಯಶಾಸ್ತ್ರಕ್ಕೆ ಒಂದೇ, ಹೊಟ್ಟೆಗೆ ಎರಡು. ಮೊದಲ ಸುತ್ತು ಉಡುಪಿಯ ಆಚಾರ್ಯರಿಗೆ.

ಇನ್ನು ಪ್ರಮಾಣ ವಿಚಾರ. ಅಣಬೆಯ ಮಟ್ಟಿಗೆ ಪ್ರತ್ಯಕ್ಷ ಪ್ರಮಾಣ ಸಲ್ಲದು: ತಿಂದು ಪ್ರತ್ಯಕ್ಷ ಮಾಡಿಕೊಂಡ ವಿದ್ವಾಂಸ ಭಾಷ್ಯ ಬರೆಯಲು ಉಳಿಯದಿರಬಹುದು. ತಿಂದು ಐದು ಗಂಟೆಯಾಯಿತು, ಗುಂಡುಕಲ್ಲಿನಂತಿದ್ದೇನೆ ಎನ್ನುವ ಹೇತುವೂ ನಿಲ್ಲದು. ಅತಿ ಕೆಟ್ಟ ಜಾತಿಗಳ ವಿಷ ಆರು ಗಂಟೆ ಸುಮ್ಮನಿದ್ದು ಆಮೇಲೆ ಮಾತಾಡುತ್ತದೆ, ಬೇಯಿಸಿದರೂ ಸಾಯುವುದಿಲ್ಲ. ಬೆಳ್ಳಿ ಕಾಸು ಕಪ್ಪಾದರೆ ವಿಷ, ಹುಳ ತಿಂದಿದ್ದರೆ ಕ್ಷೇಮ ಎನ್ನುವ ಅನುಮಾನ ಪ್ರಮಾಣಗಳು ಶುದ್ಧ ಹೇತ್ವಾಭಾಸ. ಹುಳದ ಹೊಟ್ಟೆಗೂ ನಮ್ಮ ಹೊಟ್ಟೆಗೂ ವ್ಯಾಪ್ತಿ ಸಂಬಂಧವಿಲ್ಲ. ಹುತ್ತದ ಮೇಲೇಳುವ ಅಳಂಬಿಯನ್ನಂತೂ ಗೆದ್ದಲುಗಳು ನೆಲದೊಳಗೆ ತೋಟ ಮಾಡಿ ಬೆಳೆಸುತ್ತವೆ. ಆ ಕೃಷಿ ಮನುಷ್ಯನಿಗೆ ಇನ್ನೂ ಒಲಿದಿಲ್ಲ. ಹೀಗಾಗಿ ಸೊಸೈಟಿಯ ಹುಲ್ಲುಹಾಸಿನಲ್ಲಿ ಕೊಡೆ ಬಿಡಿಸಿದ್ದೆಲ್ಲ ಅಳಂಬಿಯೆಂದು ಹೊರಡುವವರು ಮೊದಲು ಗೆದ್ದಲಿನ ಶಿಷ್ಯತ್ವ ಪಡೆಯತಕ್ಕದ್ದು.

ಉಳಿಯುವುದು ಶಬ್ದ ಪ್ರಮಾಣ, ಎಂದರೆ ಆಪ್ತವಾಕ್ಯ. ಆಪ್ತರು ಯಾರು? ಪಾಠಶಾಲೆಯಲ್ಲಿ ಸಿಗುವವರಲ್ಲ. ಕರ್ಜತ್, ಮುರಬಾಡ ಕಡೆಯಿಂದ ಬುಟ್ಟಿ ಹೊತ್ತು ಬಂದು ಸ್ಟೇಷನ್ ಹೊರಗೆ ಗೋಣಿ ಹಾಸಿ ಕೂರುವ ಠಾಕೂರ, ಕಾತಕರಿ ಹೆಂಗಸರು. ಜೂನಿನ ಮೊದಲ ಮಳೆಯ ಆಸುಪಾಸಿಗೆ ಅವರ ಬಳಿ ಶೇವಳಾ ಬರುತ್ತದೆ: ಕಾಡುಸುವರ್ಣಗೆಡ್ಡೆಯ ಹೂದಂಡು. ಅದರೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು ಗಂಟಲನ್ನು ಕೆರೆಸುತ್ತವೆ. ಕಾಕಡ ಎಂಬ ಹುಳಿಕಾಯಿ ಅದನ್ನು ಪಳಗಿಸುತ್ತದೆ. ಆಜಿ ಎರಡನ್ನೂ ಒಟ್ಟಿಗೇ ಎತ್ತಿಕೊಟ್ಟು, "ಕಾಕಡ ಪಣ ಘ್ಯಾ ಭಾವೂ, ಖಾಜ ಯೇಈಲ್", ಎಂದರೆ ಕಾಕಡವನ್ನೂ ತಗೊಳ್ಳಿ ಅಣ್ಣ, ಇಲ್ಲದಿದ್ದರೆ ಕೆರೆತ ಬರುತ್ತದೆ, ಎನ್ನುತ್ತಾಳೆ. ನಮ್ಮ ಅಧಿಕಾರಿಯೋ, ಈ ಕಾಯಿ ತೂಕಕ್ಕೆ ಸೇರಿಸಿದ್ದೆಂದು ಅನುಮಾನಿಸಿ, ಅದನ್ನು ವಾಪಸು ಕೊಟ್ಟು ಹತ್ತು ರೂಪಾಯಿ ಉಳಿಸುತ್ತಾನೆ. ಮಾಲ್‌ನಲ್ಲಿ ಇನ್ನೂರೈವತ್ತು ರೂಪಾಯಿಯ ಕಾಫಿಗೆ ಇವನು ಚೌಕಾಸಿ ಮಾಡಿದ ಉಲ್ಲೇಖ ಯಾವ ಶಾಸನದಲ್ಲೂ ಸಿಕ್ಕಿಲ್ಲ. ಆ ರಾತ್ರಿ ಅವನ ಗಂಟಲಿನಲ್ಲಿ ಆಪ್ತವಾಕ್ಯದ ಪ್ರಾಮಾಣ್ಯ ಸ್ವತಃ ಸಿದ್ಧವಾಗುತ್ತದೆ.

ಕೊನೆಯದು ಆಟಿ ಅಮಾವಾಸ್ಯೆಯ ಹಾಲೆ ಪ್ರಕರಣ. ಸೂರ್ಯ ಹುಟ್ಟುವ ಮೊದಲು ಬೆತ್ತಲೆಯಾಗಿ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ಹಾಲೆಮರದ ಕೆತ್ತೆ ತಂದು ಕಷಾಯ ಮಾಡಬೇಕೆಂಬುದು ತುಳುನಾಡಿನ ವಿಧಿ. ಮರಕ್ಕೆ ಇಲ್ಲಿ ಬರವಿಲ್ಲ. ಮುಂಬೈ, ಠಾಣೆಗಳ ರಸ್ತೆಬದಿಯಲ್ಲಿ ಸಾಲಾಗಿ ನೆಟ್ಟಿರುವ ಸಪ್ತಪರ್ಣಿ ಅದೇ. ತೊಡಕು ಸಿಸಿಟಿವಿಯದ್ದು. ವಾಚ್‌ಮನ್ ಶಾಸ್ತ್ರ ಓದಿದವನಲ್ಲವಾದ್ದರಿಂದ ವಸ್ತ್ರದ ವಿಷಯದಲ್ಲಿ ಆಪದ್ಧರ್ಮವೆಂದು ರಿಯಾಯಿತಿ ಕೊಡಬಹುದು. ಮರದ ವಿಷಯದಲ್ಲಿ ಕೊಡುವಂತಿಲ್ಲ. ಊರಿನಲ್ಲಿ ಕತ್ತಲೆಯಲ್ಲಿ ಹಾಲೆಯೆಂದು ಕಾಸರಕದ ತೊಗಟೆ ಕೆತ್ತಿ ತಂದವರ ಮನೆಗಳಲ್ಲಿ ಸಾವಾಗಿದೆ, ಕಾಸರಕದಲ್ಲಿರುವುದು ಸ್ಟ್ರಿಕ್ನಿನ್. ಹಾಲೆಯ ಎಲೆ ಒಂದೇ ಗಂಟಿನಿಂದ ಸುತ್ತಲೂ ಏಳೆಂಟು ಹೊರಡುತ್ತದೆ, ಗೀರಿದರೆ ಹಾಲು ಒಸರುತ್ತದೆ. ಕಾಸರಕದ ಎಲೆ ಎದುರುಬದುರು ಎರಡೆರಡೇ, ಬುಡದಿಂದ ಎದ್ದ ನರಗಳು ಎದ್ದು ಕಾಣುತ್ತವೆ, ಹಾಲಿಲ್ಲ. ಭೇದ ಸತ್ಯವೆಂಬುದಕ್ಕೆ ಇದಕ್ಕಿಂತ ಗಟ್ಟಿ ದೃಷ್ಟಾಂತ ಯಾವ ಮಠದ ವಾಕ್ಯಾರ್ಥದಲ್ಲೂ ಸಿಗಲಾರದು.

ಆದ್ದರಿಂದ ಆಟಿಗೆ ಊರಿಗೆ ಹೋಗುವ ಮುಂಬೈ ಬಂಧುಗಳಲ್ಲಿ ವಿನಂತಿ: ಮರವನ್ನು ಮುನ್ನಾದಿನ ಹಗಲಿನಲ್ಲೇ, ಬಲ್ಲ ಹಿರಿಯರೊಬ್ಬರನ್ನು ಕರೆದೊಯ್ದು ಗುರುತು ಮಾಡಿಕೊಳ್ಳಿ. ಅಂಥವರು ಸಿಗದಿದ್ದರೆ ಕಷಾಯ ಬಿಟ್ಟು, ಅದರ ಮೇಲೆ ಕುಡಿಯುವ ಮೆಂತೆ ಗಂಜಿಯನ್ನಷ್ಟೇ ಕುಡಿಯಿರಿ. ಶಾಸ್ತ್ರದ ಆಕ್ಷೇಪವಿಲ್ಲ.