ಬಿಚ್ಚೋದು ಸುಲಭ ಸಾರ್!
ನಮ್ಮ ಲ್ಯಾಬಿನ ಹಳೇ ಮೈಕ್ರೋಸ್ಕೋಪಿನ ಮೂತಿ ತಿರುಗುವುದನ್ನೇ ಬಿಟ್ಟಿತ್ತು. 4, 10, 40, 100 ಪಟ್ಟಿನ ಮಸೂರಗಳನ್ನು ಹೊತ್ತ ಆ ತಿರುಗುತಟ್ಟೆಯೊಳಗೆ ಗ್ರೀಸು ಒಣಗಿ ಅಂಟುಬೆಲ್ಲವಾಗಿತ್ತು.

"ಬ್ಯಾಡಿ, ಬಿಚ್ಚೋದು ಸುಲಭ ಸಾರ್, ಜೋಡಿಸೋದೇ ಕಷ್ಟ" ಎಂದರು ಅಟೆಂಡರು. ನಾನು ಕೇಳಬೇಕಲ್ಲ! ಮಸೂರಗಳನ್ನು ತೆಗೆದಿಟ್ಟು ನಡುವಿನ ಸ್ಕ್ರೂ ಸಡಿಲಿಸಿದ್ದೇ ತಡ, ಸಾಸಿವೆಯಂಥ ಉಕ್ಕಿನ ಗುಂಡುಗಳು ಬೆಂಚಿನಿಂದ ನೆಲಕ್ಕೆ, ನೆಲದಿಂದ ಬೀರುವಿನಡಿಗೆ! ಎಷ್ಟಿದ್ದವೆಂದು ಎಣಿಸಿದವರು ಯಾರು? ಅಟೆಂಡರೇ ಹಳೇ ಸ್ಪೀಕರಿನ ಅಯಸ್ಕಾಂತ ತಂದು ಬಾಚಿದರು. ಪೆಟ್ರೋಲಿನಲ್ಲಿ ತೊಳೆದು, ಹೊಸ ಗ್ರೀಸಿಗೆ ಒಂದೊಂದೇ ಗುಂಡು ಅಂಟಿಸಿ ಮುಚ್ಚಿದೆವು.

ತಿರುಗಿಸಿದರೆ ಬೆಣ್ಣೆ! ಆದರೆ ಮಸೂರ ನೆಟ್ಟಗೆ ನಿಂತಾಗ ಬರಬೇಕಾದ 'ಟಿಕ್' ಸದ್ದೇ ಇಲ್ಲ. ಆ ಸದ್ದಿನ ಪಟ್ಟಿ ಸ್ಪ್ರಿಂಗು ನನ್ನ ಜೇಬಿನಲ್ಲಿ ಬೆಚ್ಚಗಿತ್ತು. ಮತ್ತೆ ಬಿಚ್ಚಿದೆವು.

ನೀವೂ ಕೈ ಹಾಕುವುದಾದರೆ ಮೊದಲು ಕೆಳಗೊಂದು ಬಿಳಿ ಟವೆಲ್ ಹಾಸಿಕೊಳ್ಳಿ.