ಮುತ್ತಜ್ಜನ ಕುದುರೆ: ಒಂದು ಸಂಶೋಧನಾತ್ಮಕ ಜಿಜ್ಞಾಸೆ

ಹಳೇ ಮೈಸೂರು ಸೀಮೆಯಲ್ಲಿ ಯಾವ ಮನೆತನದವರನ್ನು ವಿಚಾರಿಸಿದರೂ ಅವರ ಮುತ್ತಜ್ಜನಿಗೆ ಒಂದು ಬಿಳಿ ಕುದುರೆ ಇದ್ದೇ ಇತ್ತು. ಆ ಕುದುರೆಗಳಿಗೆಲ್ಲ ಹುರುಳಿ ಬೇಯಿಸಿದವರು ಯಾರ ಮುತ್ತಜ್ಜಂದಿರು ಎಂಬ ಪ್ರಶ್ನೆಗೆ ವಿದ್ವಾಂಸರು ಕೈಹಾಕಿಲ್ಲ. ಪ್ರಸ್ತುತ ಪ್ರಬಂಧವೂ ಹಾಕುವುದಿಲ್ಲ. ಉತ್ತರ ನಮ್ಮ ಮನೆಯಲ್ಲೇ ಸಿಕ್ಕೀತೆಂಬ ಭಯ.

ಮೊದಲು ಕಾಲನಿರ್ಣಯ. ಅಜ್ಜ ಬರೆದಿಟ್ಟ ಚೀಟಿಯ ಪ್ರಕಾರ ಮುತ್ತಜ್ಜ ಹುಟ್ಟಿದ್ದು ಧಾತು ಸಂವತ್ಸರದಲ್ಲಿ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದು 1816 ಇದ್ದೀತು, 1876 ಇದ್ದೀತು. 1816 ಎಂದು ಹಿಡಿದರೆ ಅಜ್ಜ ಹುಟ್ಟುವಾಗ ಅವರಿಗೆ ತೊಂಬತ್ತು ದಾಟಿರುತ್ತದೆ. ದೊಡ್ಡಪ್ಪ 1816ನ್ನೇ ಅಂಗೀಕರಿಸಿದ್ದಾರೆ. ಹಿಂದಿನವರು ತಿಂದ ತುಪ್ಪ ಅಂಥದ್ದಂತೆ.

ಈ ಹಟಕ್ಕೆ ಕಾರಣವಿದೆ. 1850ರ ಸುಮಾರಿಗೆ ಮುತ್ತಜ್ಜ ಮೈಸೂರಿನ ದಿವಾನರಾಗಿದ್ದರೆಂಬುದು ದೊಡ್ಡಪ್ಪನ ಪ್ರತಿಪಾದನೆ. ಆಗ ಸಂಸ್ಥಾನದ ಆಡಳಿತ ಇಂಗ್ಲಿಷರದ್ದು, ಕಮಿಷನರ್ ಆಗಿದ್ದವನು ಮಾರ್ಕ್ ಕಬ್ಬನ್, ದಿವಾನಗಿರಿ ಮರಳಿದ್ದು 1881ರಲ್ಲಿ ರಂಗಾಚಾರ್ಲು ಅವರೊಂದಿಗೆ ಎಂಬುದು ಪೂರ್ವಪಕ್ಷ. “ಹಾಗಾದ್ರೆ ಗುಟ್ಟಾಗಿ ದಿವಾನರಾಗಿದ್ರು ಕಣೋ” ಎಂಬುದು ಸಿದ್ಧಾಂತ.

ಇನ್ನುಳಿದದ್ದು ಹೆಳವನ ಸಾಕ್ಷ್ಯ. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಬಂದು, ಜಗಲಿಯ ಮುಂದೆ ಗಂಟೆ ಬಾರಿಸಿ, ವಂಶಾವಳಿ ಒಪ್ಪಿಸಿ ದವಸ ಪಡೆಯುವವನು ಆತ. ಅಂಚು ಹರಿದ ಪುಸ್ತಕ ಬಿಡಿಸಿ, ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತ ಓದಿದ: ಧಾತು ಈಶ್ವರ ಬರದಲ್ಲಿ ಊರು ಬಿಟ್ಟ ಮೂವರು ಅಣ್ಣತಮ್ಮಂದಿರು; ಇದ್ದ ಒಂದೆತ್ತನ್ನೂ ದಾರಿಯಲ್ಲಿ ಮಾರಿದರು; ಸಂತೆಮಾಳದ ಹುಣಸೆಮರದಡಿ ಹಿರಿಯವನಿಗೆ ಗಂಡುಮಗು. 1876ರಿಂದ 78ರವರೆಗಿನ ಆ ಕ್ಷಾಮದಲ್ಲಿ ಸಂಸ್ಥಾನದ ಲಕ್ಷಾಂತರ ಜನ ಸತ್ತದ್ದು ಸರ್ಕಾರಿ ದಾಖಲೆಗಳಲ್ಲೂ ಉಂಟು. ಸಂವತ್ಸರವೂ ಕೂಡಿಬರುತ್ತದೆ. ಆದರೆ ಕುದುರೆಯ ಪ್ರಸ್ತಾಪವಿಲ್ಲವಾದ್ದರಿಂದ ಸಾಕ್ಷ್ಯ ಅಗ್ರಾಹ್ಯ. ಮರದಡಿ ಹೆತ್ತವಳ ಹೆಸರೂ ಅಲ್ಲಿರಲಿಲ್ಲ. ಇದನ್ನು ಮಾತ್ರ ದೊಡ್ಡಪ್ಪ ಕೊರತೆಯೆಂದು ಎಣಿಸಲಿಲ್ಲ.

ಪರಿಷ್ಕೃತ ವಂಶವೃಕ್ಷ ಬಣ್ಣದ ಅಚ್ಚಿನಲ್ಲಿ ಬರಲಿದೆ. ಬಂಧುಗಳು ಉದಾರವಾಗಿ ಚಂದಾ ಕೊಡಬೇಕಾಗಿ ಕೋರಿಕೆ. ಹೆಚ್ಚು ಕೊಟ್ಟವರ ಕವಲಿಗೆ ಒಬ್ಬ ದಳವಾಯಿಯನ್ನು ಸೇರಿಸಿಕೊಡಲಾಗುವುದು.