ಮಂಡಕ್ಕಿಗೆ ಬಾಯಿ ತೆರೆದ ಗೆಂಡೆ

ಕೆರೆಯಲ್ಲಿ ಮೀನು ಕಾಣದಿದ್ದರೆ ಅದೊಂದು ನೆಮ್ಮದಿ. ಬೆಂಡು ತೇಲಿಬಿಟ್ಟು, ಗಾಳದ ಕೋಲನ್ನು ಮಂಡಿಗೆ ಆನಿಸಿ, ಮನೆ ಸಾಲ, ಮಗಳ ಮಾರ್ಕ್ಸು, ಊರ ರಾಜಕೀಯ ಎಲ್ಲವನ್ನೂ ಯೋಚಿಸುತ್ತ ಕೂರಬಹುದು. ಸಂಜೆ ಬರಿಗೈಯಲ್ಲಿ ಮನೆಗೆ ಬಂದು "ಇವತ್ತು ಮೀನೇ ಇರಲಿಲ್ಲ ಕಣೇ" ಎಂದರೆ ಮುಗಿಯಿತು. ನೀರೊಳಗೆ ಇಣುಕಿ ಸಾಕ್ಷಿ ಹೇಳುವವರು ಯಾರು? ಆದರೆ ತೋಳುದ್ದದ ಗೆಂಡೆಗಳು ಕಣ್ಣೆದುರೇ ಮೇಲೆ ಬಂದು, ದುಂಡು ಬಾಯಿ ತೆರೆದು, ಪಚಪಚ ಸದ್ದು ಮಾಡುತ್ತ ತಿನ್ನತೊಡಗಿದವೋ, ಗ್ರಹಚಾರ ಶುರುವಾಯಿತೆಂದೇ ಅರ್ಥ. ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುವವನೂ ನಿಂತು, "ಏನ್ ಸಾಮಿ, ಇಷ್ಟೊಂದ್ ಅದಾವೆ, ಒಂದೂ ಬಿದ್ದಿಲ್ಲೇನು?" ಎನ್ನುತ್ತಾನೆ. ಎಮ್ಮೆ ಕೂಡ ನಿಂತು ನೋಡುತ್ತದೆ.

ನಮ್ಮ ಕೆರೆಗಳ ಮೀನುಗಳು ವಠಾರದ ಬಾಡಿಗೆದಾರರ ಹಾಗೆ ಅಂತಸ್ತು ಹಂಚಿಕೊಂಡು ಬದುಕುತ್ತವೆ. ಮೇಲ್ನೀರು ಕಾಟ್ಲಾಗೆ, ನಡುನೀರು ರೋಹುವಿಗೆ, ತಳ ಮೃಗಾಲ್‌ಗೆ. ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವುದು ಕಡಿಮೆ. ಮೂರನ್ನೂ ಒಟ್ಟಿಗೆ ಸಾಕುವ ಪದ್ಧತಿ ನಿಂತಿರುವುದೇ ಈ ಒಪ್ಪಂದದ ಮೇಲೆ. ಕಾಟ್ಲಾದ ಕೆಳದವಡೆ ಮುಂದೆ ಚಾಚಿ, ಬಾಯಿ ಆಕಾಶ ನೋಡುತ್ತಿರುತ್ತದೆ. ಹಾಗಿದ್ದ ಮೇಲೆ ಬ್ರೆಡ್ಡಿನಂಥ ತೇಲುವ ತಿಂಡಿಗೆ ಮೊದಲು ಬೀಳುವುದು ಅದೇ ಎಂದು ನಾನೂ ನಂಬಿಕೊಂಡಿದ್ದವನೇ. ಅದರ ನಿತ್ಯದ ಊಟವೋ, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಕಿವಿರಿನಲ್ಲಿ ಸೋಸಿ ನುಂಗುವುದು. ಬೇಕರಿ ಬ್ರೆಡ್ಡಿನ ಮೇಲೆ ಅದಕ್ಕೆ ಅಂಥ ವ್ಯಾಮೋಹವಿಲ್ಲ. ತಮಾಷೆಯೆಂದರೆ, ಬ್ರೆಡ್ಡಿಗಾಗಿ ಮೇಲೇರಿ ಬರುವುದು ಹುಟ್ಟಾ ತಳವಾಸಿಯಾದ ಸಾಮಾನ್ಯ ಗೆಂಡೆ. 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ತಂದ ಪರದೇಶಿ ಮೀನು ಇದು. ದಿನವಿಡೀ ಕೆಸರು ಕೆದಕುವ ಈ ಮಹಾಶಯನಿಗೆ ತಲೆಯ ಮೇಲೆ ಬಿಟ್ಟಿ ಊಟ ತೇಲುತ್ತಿದೆ ಎಂದು ತಿಳಿದರೆ ಸಾಕು, ಕುಲಾಚಾರ ಬಿಟ್ಟು ಮೇಲೆ ಬರುತ್ತಾನೆ. ಮದುವೆ ಮನೆಗಳಲ್ಲಿ ನನ್ನ ನಡವಳಿಕೆ ಬಲ್ಲವರು ಇದನ್ನು ಓದಿ ನಗಬಾರದಾಗಿ ವಿನಂತಿ. ಹುಲ್ಲುಗೆಂಡೆಯೂ ಹೀಗೆಯೇ. ಹೆಸರಿಗೆ ಸಸ್ಯಾಹಾರಿ, ಬ್ರೆಡ್ಡಿಗೆ ಅಡ್ಡಿಯಿಲ್ಲ.

ಊಟ ಎಂದಾಗ ಶೃಂಗೇರಿ ನೆನಪಾಗುತ್ತದೆ. ತುಂಗೆಯ ಮೆಟ್ಟಿಲ ಬಳಿ ಮಂಡಕ್ಕಿ ಚೆಲ್ಲಿದರೆ ನೀರೇ ಕುದಿದಂತೆ ಮೀನುಗಳು ಮೇಲೇಳುತ್ತವೆ. ಅವು ಗೆಂಡೆಯ ಬಳಗಕ್ಕೇ ಸೇರಿದ ಮಹಶೀರ್. ದೇವರ ಮೀನು, ಹಿಡಿಯುವಂತಿಲ್ಲ. ಹಿಡಿಯುವಂತಿಲ್ಲ ಎಂಬುದು ಮೀನಿಗೂ ಗೊತ್ತಾಗಿರುವುದರಿಂದಲೇ ಅಷ್ಟು ಧೈರ್ಯ. ಅಲ್ಲಿ ಕೈಮುಗಿದು ನಿಂತಿದ್ದಾಗ, ಪಕ್ಕದಲ್ಲಿದ್ದ ಅಜ್ಜಿಯೊಬ್ಬರು "ಏನು ಬೇಡಿಕೊಂಡೆ ಮಗಾ?" ಎಂದು ಕೇಳಿದರು. ನಾನು ಬೇಡುತ್ತಿರಲಿಲ್ಲ, ತೂಕ ಅಂದಾಜು ಮಾಡುತ್ತಿದ್ದೆ.

ಆದರೂ ಬರಿಗೈಯಲ್ಲಿ ಬರಲಿಲ್ಲ, ವಿದ್ಯೆಯೊಂದು ಸಿಕ್ಕಿತು: ಗಾಳವಿಲ್ಲದ ತುತ್ತು ಮೊದಲು ಹೋಗಬೇಕು. ಗಾಳದ ವಿದ್ಯೆಯೇನೂ ಇಂದು ನಿನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಹನ್ನೆರಡನೆಯ ಶತಮಾನದಲ್ಲೇ ಯಾವ ಮೀನಿಗೆ ಯಾವ ಆಹಾರ, ಗಾಳ ಹೇಗಿರಬೇಕು ಎಂದೆಲ್ಲ ಸಂಸ್ಕೃತದಲ್ಲಿ ಬರೆಯಿಸಿದ ಪುಣ್ಯಾತ್ಮ. ರಾಜ್ಯಭಾರದ ನಡುವೆ ಅವನಿಗಿದ್ದ ಬಿಡುವು ನನಗೆ ಭಾನುವಾರವೂ ಇರುವುದಿಲ್ಲ. ಮನೆಯಾಕೆಯನ್ನು ಕೇಳಿದರೆ ಬೇರೆ ಲೆಕ್ಕ ಕೊಟ್ಟಾಳು.

ಅಂದಹಾಗೆ, ಮೇಲೆ ಬಂದ ಮೀನೆಲ್ಲ ಹಸಿದು ಬಂದದ್ದಲ್ಲ. ರಾತ್ರಿಯಿಡೀ ಪಾಚಿ, ಜೊಂಡು, ಮೀನು ಎಲ್ಲವೂ ಉಸಿರಾಡಿ ನೀರಿನ ಆಮ್ಲಜನಕ ನಸುಕಿನ ಹೊತ್ತಿಗೆ ತೀರ ತಗ್ಗಿರುತ್ತದೆ. ಆಗ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಸಾಲಾಗಿ ಬಾಯಿ ತೆರೆದು ನಿಂತಲ್ಲೇ ನಿಂತಿದ್ದರೆ ಅದು ಏದುಸಿರು. ಓಡಾಡುತ್ತ, ತಿರುಗುತ್ತ, ತೇಲಿದ್ದನ್ನು ಹುಡುಕಿ ನುಂಗುತ್ತಿದ್ದರೆ ಮಾತ್ರ ಹಸಿವು. ಉಸಿರುಗಟ್ಟಿದವರ ಮುಂದೆ ಬ್ರೆಡ್ಡು ಹಿಡಿಯುವುದು ಸಭ್ಯತೆಯೂ ಅಲ್ಲ, ಫಲವೂ ಇಲ್ಲ. ಬಿಸಿಲೇರಿ, ಗಾಳಿ ತಣ್ಣಗೆ ಬೀಸುವವರೆಗೆ ಕಾಫಿ ಕುಡಿದು ಬರುವುದು ಲೇಸು.

ಗೆಂಡೆಯ ಕಿವಿ ಬಲು ಚುರುಕು. ಅದರ ಗಾಳಿಚೀಲದಿಂದ ಒಳಗಿವಿಗೆ ಪುಟ್ಟ ಮೂಳೆಗಳ ಸರಪಣಿಯೇ ಇದೆ. ನಾವು ಆಡುವ ಮಾತಿನ ಬಹುಪಾಲು ನೀರಿನ ಮೇಲ್ಮೈಗೆ ಬಡಿದು ಮರಳುತ್ತದೆ. ದಡದಲ್ಲಿ ಕಾಲು ಬಡಿದರೆ ಮಾತ್ರ ಅದುರು ನೇರವಾಗಿ ನೀರಿಗಿಳಿಯುತ್ತದೆ. ಆದ್ದರಿಂದ ಹರಟಬಹುದು, ದಪದಪ ನಡೆಯಕೂಡದು. ಇನ್ನು ಕಣ್ಣು. ನೀರೊಳಗಿಂದ ಮೇಲೆ ನೋಡುವ ಮೀನಿಗೆ ಇಡೀ ಹೊರಲೋಕ ಸುಮಾರು 97 ಡಿಗ್ರಿಯ ದುಂಡು ಕಿಂಡಿಯೊಳಗೆ ಮುದುಡಿ ಕಾಣುತ್ತದೆ. ಎದ್ದು ನಿಂತವನು ಅದರೊಳಗೆ ಸ್ಪಷ್ಟವಾಗಿ ಬೀಳುತ್ತಾನೆ. ನೆಲಕ್ಕಂಟಿ ಕೂತವನು ಕಿಂಡಿಯ ಅಂಚಿನಲ್ಲಿ ಚಪ್ಪಟೆಯಾಗಿ ಕರಗಿಹೋಗುತ್ತಾನೆ. ನನ್ನ ಸುತ್ತಳತೆಗೆ ಚಪ್ಪಟೆಯಾಗುವ ಯೋಗ ಮೀನಿನ ಕಣ್ಣಲ್ಲಾದರೂ ಇದೆಯಲ್ಲ ಎಂದು ಸಮಾಧಾನ.

ಇಷ್ಟಾದ ಮೇಲೆ ಕೆಲಸ ಸರಳ. ಗಾಳಿ ಬೀಸುವ ಕಡೆ ಬೆನ್ನು ಮಾಡಿ ಕೂತು, ಒಂದು ಹಿಡಿ ಮಂಡಕ್ಕಿ ಚೆಲ್ಲಬೇಕು. ಗಾಳಿಯೇ ಅದನ್ನು ಒಯ್ದು ಬಡಿಸುತ್ತದೆ. ಮೊದಲು ಒಂದು ಗೆಂಡೆ ಅನುಮಾನದಿಂದ ಮೂತಿ ತಾಗಿಸಿ ಹೋಗುತ್ತದೆ. ಮತ್ತೆ ಚೆಲ್ಲಬೇಕು. ಒಂದಕ್ಕೊಂದು ಪೈಪೋಟಿಗೆ ಬಿದ್ದು ಮೈಮರೆತಾಗ, ಗಾಳವನ್ನು ಬ್ರೆಡ್ಡಿನ ಗಟ್ಟಿ ಅಂಚಿಗೆ ಚುಚ್ಚಿ, ಅವುಗಳ ಆಚೆಗೆ ಎಸೆದು ಮೆಲ್ಲಗೆ ಎಳೆದು ತರಬೇಕು. ತಲೆಯ ಮೇಲೇ ಎಸೆದರೆ ಸಭೆ ಬರಖಾಸ್ತು. ಮಂಡಕ್ಕಿಯನ್ನೇ ಗಾಳಕ್ಕೆ ಚುಚ್ಚುತ್ತೇನೆಂದರೆ ಅದು ಒಪ್ಪುವುದಿಲ್ಲ. ಒಣಗಿದ್ದರೆ ಪುಡಿ, ನೆನೆದರೆ ಅಂಟು.

ಕಷ್ಟವಿರುವುದು ಕೊನೆಯ ಗಳಿಗೆಯಲ್ಲಿ. ಗೆಂಡೆಗೆ ದವಡೆಯಲ್ಲಿ ಹಲ್ಲಿಲ್ಲ, ಇರುವುದೆಲ್ಲ ಗಂಟಲಲ್ಲಿ. ಅದು ಕಚ್ಚುವುದಿಲ್ಲ, ಹೀರುತ್ತದೆ; ಸಂಶಯ ಬಂದರೆ ಉಗುಳುತ್ತದೆ. ಬಿಳಿ ಬಾಯಿ ತೆರೆದು ಬ್ರೆಡ್ಡು ಮಾಯವಾದದ್ದು ಕಂಡ ಕೂಡಲೇ ಕೋಲು ಎಳೆದರೆ ಬರುವುದು ಒದ್ದೆ ದಾರ ಮಾತ್ರ. ಬಾಯಿ ಮುಚ್ಚಿ, ಮೀನು ತಿರುಗಿ, ದಾರ ಸರಿಯುವವರೆಗೆ ಕೈ ಕಟ್ಟಿ ಕೂರಬೇಕು. ಬೆಂಡಿನ ಬೇಟೆಯಲ್ಲಿ ಏನೂ ಕಾಣದ್ದರಿಂದ ಕೈ ತಾನಾಗಿ ಸುಮ್ಮನಿರುತ್ತದೆ. ಇಲ್ಲಿ ಕಣ್ಣು ಎಲ್ಲವನ್ನೂ ನೋಡಿ ಕೈಗೆ ಚಾಡಿ ಹೇಳುತ್ತದೆ. ಅದಕ್ಕೇ ನನ್ನ ತೀರ್ಮಾನ: ಕಾಣುವ ಮೀನೇ ಕಷ್ಟದ ಮೀನು.

ನೀವೂ ಹೊರಡುವುದಾದರೆ ಕೆರೆಯ ಮೀನಿನ ಗುತ್ತಿಗೆ ಯಾರದೆಂದು ವಿಚಾರಿಸಿ, ಅವರನ್ನು ಕೇಳಿಯೇ ಕೂರಿ. ದಾವಣಗೆರೆ ಭಟ್ಟಿಯ ಗರಿಗರಿ ಮಂಡಕ್ಕಿ ಸಿಕ್ಕರೆ ಎರಡು ಪಾಲು ಕಟ್ಟಿಸಿಕೊಳ್ಳಿ. ಒಂದು ಮೀನಿಗೆ. ಇನ್ನೊಂದಕ್ಕೆ ಈರುಳ್ಳಿ, ಖಾರ, ಎಣ್ಣೆ ಬುತ್ತಿಯಲ್ಲೇ ಇರಲಿ. ಮೀನು ಬರಲಿ ಬಿಡಲಿ, ಹಸಿವು ಬಂದೇ ಬರುತ್ತದೆ.